ಮೊದಲು ನಿಲ್ಲಲಿ, ಆಮೇಲೆ ಹುಡುಕಲಿ: ಸ್ಪರ್ಧೆಗೆ ಡ್ರೋನ್ ಕಟ್ಟುವ ಜೂನಿಯರ್‌ಗಳಿಗೆ

ರೂಲ್ ಬುಕ್ ಕೈಗೆ ಬಂದ ದಿನವೇ ಕ್ಯಾಮೆರಾ, ಎಐ ಮಾಡೆಲ್ ಅಂತ ಮಾತು ಶುರುವಾಗುತ್ತದೆ. ಅದು ಇರಲಿ, ಸ್ವಲ್ಪ ತಡೆಯಿರಿ. ತಾನಾಗಿ ನೆಲದ ಮೇಲಿನ ಗುರುತು ಹುಡುಕಿ, ಅದರ ಮೇಲೆ ಪೊಟ್ಟಣ ಹಾಕಿ ವಾಪಸ್ ಬರಬೇಕಾದ ಡ್ರೋನ್ ಮೊದಲು ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದನ್ನು ಕಲಿಯಬೇಕು.

ತೂಕದಿಂದ ಶುರು ಮಾಡಿ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ದಾಟಿ 2 ಕಿಲೋ ತನಕ ಇರುವುದು ಮೈಕ್ರೋ. ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ, ಹಾಗಾಗಿ ಅದರೊಳಗೇ ಇರುವುದು ಒಳ್ಳೆಯದು. ಮೋಟರ್‌ಗಳ ಒಟ್ಟು ಎತ್ತುವ ಶಕ್ತಿ ತೂಕದ ಎರಡು ಪಟ್ಟಾದರೂ ಇರಲಿ. ಡ್ರೋನ್ 1.8 ಕಿಲೋ ಇದ್ದರೆ ನಾಲ್ಕರಲ್ಲಿ ಒಂದೊಂದು ಮೋಟರ್ 900 ಗ್ರಾಂ ಎತ್ತಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಲ್ಯಾಬ್‌ನಲ್ಲಿ ಇಟ್ಟುಕೊಳ್ಳಿ. ವೈರು, ಸ್ಕ್ರೂ, ಜಿಪ್ ಟೈ ಎಲ್ಲವನ್ನೂ ತೂಗಿ ಬರೆದಿಡಿ. ಲೆಕ್ಕ ತಪ್ಪುವುದು ಯಾವಾಗಲೂ ಇವುಗಳಲ್ಲೇ.

ಹಾರಾಟ ನಿಯಂತ್ರಿಸುವ ಫ್ಲೈಟ್ ಕಂಟ್ರೋಲರ್‌ಗೆ ಪಿಕ್ಸ್‌ಹಾಕ್ ಬೋರ್ಡ್, ಅದರ ಮೇಲೆ ಆರ್ಡುಪೈಲಟ್ ಸಾಫ್ಟ್‌ವೇರ್ ಹಾಕಿ. ದಿಕ್ಸೂಚಿ ಇರುವ ಜಿಪಿಎಸ್ ಅನ್ನು ಬ್ಯಾಟರಿ ವೈರುಗಳಿಂದ ದೂರ, ಕಂಬದ ಮೇಲೆ ಎತ್ತಿ ಕೂರಿಸಿ. ಆ ವೈರುಗಳಲ್ಲಿ ಜಾಸ್ತಿ ಕರೆಂಟ್ ಹರಿದಾಗ ದಿಕ್ಸೂಚಿ ದಾರಿ ತಪ್ಪುತ್ತದೆ. ಡ್ರೋನ್ ನಿಂತಲ್ಲಿ ನಿಲ್ಲದೆ ಸುತ್ತು ಹಾಕತೊಡಗುತ್ತದೆ, ಸುತ್ತು ದೊಡ್ಡದಾಗುತ್ತಾ ಹೋಗುತ್ತದೆ. ಇದನ್ನು ಕಂಡರೆ ಕೋಡ್ ಮುಟ್ಟಬೇಡಿ, ವೈರು ನೋಡಿ. ಹಾಗೆಯೇ ಪ್ರತಿ ಹಾರಾಟದ ನಂತರ ಲಾಗ್‌ನಲ್ಲಿ (ಕಂಟ್ರೋಲರ್ ಬರೆದಿಡುವ ಹಾರಾಟದ ದಾಖಲೆಯಲ್ಲಿ) ಕಂಪನ ನೋಡಿ. ಅದು 30 m/s²ರ ಕೆಳಗಿದ್ದರೆ ಸರಿ, 60 ದಾಟಿದರೆ ಹಾರಿಸಲೇಬೇಡಿ. ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿ, ಸಡಿಲ ಸ್ಕ್ರೂ ಹುಡುಕಿ.

ಈಗ ಕ್ಯಾಮೆರಾ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗುರುತು ಚಿತ್ರದ ಮಧ್ಯದಲ್ಲಿ ಕಂಡ ಮಾತ್ರಕ್ಕೆ ಡ್ರೋನ್ ಅದರ ನೆತ್ತಿಯ ಮೇಲಿದೆ ಅಂತಲ್ಲ. ನಮ್ಮ ಚಿತ್ರದುರ್ಗದ ಕಡೆ ಆಷಾಢದ ಗಾಳಿ ಗೊತ್ತಲ್ವಾ? ಆ ಗಾಳಿಗೆ ಎದುರಾಗಿ ನಿಲ್ಲಲು ಡ್ರೋನ್ ವಾಲಲೇಬೇಕು. ಕ್ಯಾಮೆರಾ ಫ್ರೇಮಿಗೇ ಬಿಗಿದಿದ್ದರೆ ಅದೂ ವಾಲುತ್ತದೆ. 20 ಮೀಟರ್ ಎತ್ತರದಲ್ಲಿ 10 ಡಿಗ್ರಿ ವಾಲಿದರೆ ನೆಲದ ಮೇಲೆ ಸುಮಾರು ಮೂರೂವರೆ ಮೀಟರ್ ವ್ಯತ್ಯಾಸ! ಆದ್ದರಿಂದ ಚಿತ್ರ ತೆಗೆದ ಕ್ಷಣದ ವಾಲುವಿಕೆಯನ್ನು ಪಿಕ್ಸ್‌ಹಾಕ್‌ನಿಂದ ಕೇಳಿ ಪಡೆದು, ಲೆಕ್ಕದಲ್ಲಿ ಸೇರಿಸಿ. ಡ್ರೋನ್ ವಾಲಿದರೂ ಕ್ಯಾಮೆರಾವನ್ನು ನೇರವಾಗಿ ಹಿಡಿಯುವ ಗಿಂಬಲ್ ಹಾಕುವಷ್ಟು ತೂಕ ಉಳಿದಿದ್ದರೆ ಇನ್ನೂ ಒಳ್ಳೆಯದು.

ಪೊಟ್ಟಣದ್ದೂ ಇದೇ ಕಥೆ. 20 ಮೀಟರಿನಿಂದ ಬೀಳಲು ಸುಮಾರು 2 ಸೆಕೆಂಡ್ ಬೇಕು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗುತ್ತಾ ಬಿಟ್ಟರೆ ಅದು ಹತ್ತಿರ ಹತ್ತಿರ 10 ಮೀಟರ್ ಮುಂದೆ ಬೀಳುತ್ತದೆ. ಗುರುತಿನ ಮೇಲೆ ನಿಲ್ಲಿಸಿ, ರೂಲ್ ಬಿಡುವಷ್ಟು ಕೆಳಗಿಳಿಸಿ, ಆಮೇಲೆ ಪೊಟ್ಟಣ ಹಿಡಿದಿರುವ ಸರ್ವೋ (ಪುಟ್ಟ ಮೋಟರ್) ತೆರೆಯಿರಿ.

ಗುರುತು ಹುಡುಕುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಮೇಲೆ ಓಡುವ ಪೈಥಾನ್ ಕೋಡನ್ನು ಮೊದಲು ಸಿಮ್ಯುಲೇಟರ್‌ನಲ್ಲಿ ಹಾರಿಸಿ. ಆರ್ಡುಪೈಲಟ್ ಜೊತೆಗೆ ಅದು ಪುಕ್ಕಟೆ ಸಿಗುತ್ತದೆ. ಗುರುತು ಸಿಗದಿದ್ದರೆ ಏನು, ಪೈ ಹಾರುತ್ತಿರುವಾಗಲೇ ನಿಂತುಹೋದರೆ ಏನು, ಎಲ್ಲ ಅಲ್ಲೇ ಮಾಡಿ ನೋಡಿ.

ಮೈದಾನದಲ್ಲಿ ಒಬ್ಬರ ಕೆಲಸ ಒಂದೇ: ರಿಮೋಟ್ ಹಿಡಿದು, ಬೆರಳನ್ನು ಮೋಡ್ ಸ್ವಿಚ್ (ತಾನಾಗಿ ಹಾರುವುದನ್ನು ಬಿಡಿಸುವ ಸ್ವಿಚ್) ಮೇಲಿಟ್ಟು, ಡ್ರೋನನ್ನೇ ನೋಡುವುದು. ಅವರು ಫೋನ್ ಮುಟ್ಟುವ ಹಾಗಿಲ್ಲ, ಲ್ಯಾಪ್‌ಟಾಪ್ ಕಡೆ ಇಣುಕುವ ಹಾಗೂ ಇಲ್ಲ. ಅನುಮಾನ ಬಂದ ತಕ್ಷಣ ಅವರು ಡ್ರೋನಿನ ಹತೋಟಿಯನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ, ಯಾರನ್ನೂ ಕೇಳಬೇಕಿಲ್ಲ. ಮೊದಲ ಹಾರಾಟಕ್ಕೂ ಮುಂಚೆ ಪ್ರೊಪೆಲ್ಲರ್ ಬಿಚ್ಚಿಟ್ಟು, ರಿಮೋಟ್ ಆಫ್ ಮಾಡಿ ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗ ತಾನಾಗಿ ನಡೆಯುವ ಸುರಕ್ಷತಾ ಕ್ರಮ) ಕೆಲಸ ಮಾಡುತ್ತದಾ ಅಂತ ಪರೀಕ್ಷಿಸಿ. ಬ್ಯಾಟರಿ ಸೆಲ್ಲಿಗೆ 3.5 ವೋಲ್ಟ್‌ಗೆ ಬರುವ ಮೊದಲೇ ಇಳಿಸಿ, ಮುಂದಿನ ಹಾರಾಟಕ್ಕೆ ವಾರವಿದ್ದರೆ 3.8ರಲ್ಲಿ ಎತ್ತಿಡಿ.