26 ವರ್ಷಗಳ ಮೇಲೆ ಮತ್ತೆ ಚರಕದ ಮುಂದೆ

ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟ್ ಹೋಗಿ ನಾಲ್ಕು ದಿನವಾಗಿತ್ತು. ತೋಟಕ್ಕೆ ಇಳಿಯುವಂತಿರಲಿಲ್ಲ. ಸೋರುವ ಜಾಗಕ್ಕೆ ಪಾತ್ರೆ ಇಡಲು ಅಟ್ಟ ಹತ್ತಿದಾಗ ಅವ್ವನ ಪೆಟ್ಟಿಗೆ ಚರಕ ಕೈಗೆ ತಾಗಿತು. ಹೊದಿಸಿದ್ದ ಗೋಣಿಗೆ ಬೂಸ್ಟು ಹಿಡಿದಿತ್ತು, ಮರ ಉಬ್ಬಿ ಮುಚ್ಚಳ ತೆರೆಯಲು ಬರಲಿಲ್ಲ. ಎರಡು ದಿನ ಒಲೆಯಿಂದ ಸ್ವಲ್ಪ ದೂರದಲ್ಲಿಟ್ಟ ಮೇಲೆ ತಾನಾಗಿ ಸಡಿಲವಾಯಿತು. ನಾನು ಕೊನೆಯ ಸಲ ನೂತದ್ದು 1998ರಲ್ಲಿ, ಮಗಳು ಹುಟ್ಟುವ ಮುಂಚೆ.

1934ರ ಫೆಬ್ರುವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದು ಹೋದ ಮೇಲೆ ಅಜ್ಜನ ಮನೆಯಲ್ಲಿ ನೂಲುವುದು ಶುರುವಾಯಿತಂತೆ. ಅವ್ವ ಅಲ್ಲಿ ಕಲಿತಳು, ನಾನು ಅವ್ವನಿಂದ ಕಲಿತೆ. ಆಗ ಮಾತನಾಡುತ್ತಲೇ, ಕೈ ನೋಡದೆ ನೂಲುತ್ತಿದ್ದೆ.

ಮೊದಲು ಕದಿರನ್ನು, ಅಂದರೆ ನೂಲು ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿಯನ್ನು, ಪರೀಕ್ಷಿಸಿದೆ. ಚಕ್ರ ತಿರುಗಿಸಿದರೆ ಅದರ ತುದಿ ಒಂದೇ ಚುಕ್ಕೆಯಂತೆ ನಿಂತು ಕಾಣಬೇಕು, ನನ್ನದು ನಡುಗುತ್ತಿತ್ತು. ಕಿಟಕಿಯ ಗಾಜಿನ ತುಂಡಿನ ಮೇಲೆ ಉರುಳಿಸಿ ಎಲ್ಲಿ ಬಾಗಿದೆ ಎಂದು ಗುರುತು ಮಾಡಿಕೊಂಡೆ. ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ಬಡಿದು ನೇರ ಮಾಡಿದೆ. ತುಕ್ಕನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದೆ. ತಿರುಗುವ ಜಾಗಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಟ್ಟೆ. ಚಕ್ರದಿಂದ ಕದಿರಿಗೆ ಹೋಗುವ ದಾರ ಲಡ್ಡಾಗಿತ್ತು, ಹೊಸದನ್ನು ಹೊಸೆದು ಮೇಣ ಸವರಿ ಹಾಕಿದೆ.

ಹಳೆಯ ಹಂಜಿ, ಅಂದರೆ ನೂಲಲು ಹಿಂಜಿ ಉದ್ದಕ್ಕೆ ಸುತ್ತಿದ ಹತ್ತಿ, ಒಂದು ಕಟ್ಟು ಪೆಟ್ಟಿಗೆಯಲ್ಲೇ ಇತ್ತು. ಅವ್ವ ಹಿಂಜಿದ್ದಿರಬೇಕು ಎಂಬ ಆಸೆಗೆ ಮೂರು ದಿನ ಅದರಲ್ಲೇ ಪ್ರಯತ್ನಿಸಿದೆ, ಅದೇ ತಪ್ಪು. ವರ್ಷಗಟ್ಟಲೆ ಒತ್ತಿ ಕುಳಿತ ಹತ್ತಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಎಳೆದರೆ ಜಾರುವುದಿಲ್ಲ, ಗಂಟಾಗಿ ಬರುತ್ತವೆ. ಬಿಟ್ಟು ಕೂತವರು ಮತ್ತೆ ಶುರು ಮಾಡುವುದಾದರೆ ಹೊಸ ಹಂಜಿಯನ್ನೇ ತರಿಸಿಕೊಳ್ಳಿ. ಕೊಡಗಿನಲ್ಲಿ ಹತ್ತಿ ಬೆಳೆಯುವುದಿಲ್ಲ; ಹೆಗ್ಗಡದೇವನಕೋಟೆ ಕಡೆ ಬೆಳೆಯುತ್ತಾರೆ. ಅತ್ತ ಹೋಗುವ ನೆಂಟರೊಬ್ಬರಿಗೆ ಹೇಳಿ ಅರಳೆ ತರಿಸಿ, ನಾನೇ ಹಿಂಜಿ ಸುತ್ತಿದೆ.

ಆದರೂ ನೂಲು ತುಂಡಾಗುತ್ತಲೇ ಇತ್ತು. ಒಂದು ಸಂಜೆ ಲೆಕ್ಕ ಹಾಕಿದರೆ ಹತ್ತು ನಿಮಿಷಕ್ಕೆ ಹದಿನೇಳು ಸಲ. ಕೈ ಮರೆತಿದೆ ಎಂದುಕೊಂಡೆ. ಮರೆತಿರಲಿಲ್ಲ, ಬೇರೆಯದನ್ನು ಕಲಿತುಬಿಟ್ಟಿತ್ತು. ಇಷ್ಟು ವರ್ಷ ಈ ಬೆರಳುಗಳು ಕಾಫಿ ಹಣ್ಣು ಕೊಯ್ದಿವೆ. ಹಣ್ಣನ್ನು ಹಿಡಿದು ತಿರುವಿ ಕೀಳಬೇಕು. ಹಂಜಿಯನ್ನೂ ಹಾಗೆಯೇ ಬಿಗಿಯಾಗಿ ಹಿಡಿಯುತ್ತಿದ್ದೆ. ಕೋಳಿಮರಿ ಹಿಡಿದ ಹಾಗೆ ಹಿಡಿ ಎಂದು ಅವ್ವ ಹೇಳುತ್ತಿದ್ದದ್ದು ಆಗ ನೆನಪಾಯಿತು.

ಎಡಗೈಯ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೂಲುವುದೆಲ್ಲ ಅಲ್ಲೇ ಇದೆ. ಬಲಗೈ ಚಕ್ರ ತಿರುಗಿಸುತ್ತಿರುವಾಗ ಎಡಗೈ ಹಂಜಿಯನ್ನು ಕದಿರಿನ ತುದಿಯಿಂದ ಓರೆಯಾಗಿ ಹಿಂದಕ್ಕೆ ಒಯ್ಯುತ್ತದೆ. ಪ್ರತಿ ಸುತ್ತಿಗೂ ನೂಲು ತುದಿಯಿಂದ ಜಾರುತ್ತಾ ತಿರುಚಿಕೊಂಡು ಹುರಿ ಪಡೆಯುತ್ತದೆ. ಹುರಿ ಮೊದಲು ಸಣ್ಣ ಜಾಗಕ್ಕೇ ಓಡುತ್ತದೆ, ದಪ್ಪ ಜಾಗ ಮೆತ್ತಗೆ ಉಳಿಯುತ್ತದೆ. ಆ ಹೊತ್ತಿಗೆ ಕೈಯನ್ನು ಇನ್ನೊಂದು ಗೇಣು ಹಿಂದಕ್ಕೆ ಒಯ್ದರೆ ಹುರಿಯಿಲ್ಲದ ದಪ್ಪ ಭಾಗದ ಎಳೆಗಳು ಜಾರಿ ತೆಳುವಾಗುತ್ತವೆ. ದಪ್ಪ ಕಂಡ ಕೂಡಲೇ ಗಾಬರಿಯಿಂದ ಚಿವುಟಿದರೆ ಹುರಿ ಅಲ್ಲೇ ನಿಂತು, ಆಚೆ ಬದಿ ಕಡಿಯುತ್ತದೆ. ತೋಳು ಪೂರ್ತಿ ಚಾಚಿದ ಮೇಲೆ ಹುರಿ ಗಟ್ಟಿಯಾಗಲು ಒಂದೆರಡು ಸುತ್ತು ಹೆಚ್ಚು ತಿರುಗಿಸಿ, ಚಕ್ರವನ್ನು ಚೂರು ಹಿಂದಕ್ಕೆ ತಿರುಗಿಸಿ ತುದಿಯ ಸುರುಳಿ ಬಿಚ್ಚಿ, ನೂಲನ್ನು ಕದಿರಿಗೆ ಅಡ್ಡವಾಗಿ ತಂದು ಸುತ್ತಿಕೊಳ್ಳಬೇಕು. ಈ ಹಿಂದಿನ ತಿರುವು ಮಾತ್ರ ನನಗೆ ಮೊದಲ ದಿನವೇ ತಾನಾಗಿ ಬಂತು. ಕಣ್ಣು ತುಂಬಿ ಬಂದು ಸ್ವಲ್ಪ ಹೊತ್ತು ಚಕ್ರ ನಿಲ್ಲಿಸಿದೆ.

ಮಳೆಯ ತೊಂದರೆ ಬೇರೆ. ತೇವ ಹೀರಿದ ಹಂಜಿ ಭಾರವಾಗಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಬಟ್ಟೆಗೆ ಬೂಸ್ಟು ಬಾರದಿರಲು ಬೀರುವಿನೊಳಗೆ ಬಲ್ಬು ಉರಿಸುತ್ತೇವಲ್ಲ, ಹಂಜಿಯನ್ನೂ ಅಲ್ಲೇ ಇಟ್ಟೆ; ಬೇಕಾದಷ್ಟನ್ನು ಮಾತ್ರ ಆಗಾಗ ತೆಗೆದುಕೊಂಡೆ. ಚರಕದ ದಾರವೂ ತೇವಕ್ಕೆ ಉಬ್ಬಿ ಗಿಡ್ಡವಾಗಿ ಚಕ್ರ ಬಿಗಿಯಾಗುತ್ತಿತ್ತು. ಅದಕ್ಕೇ ರಾತ್ರಿ ದಾರ ಕಳಚಿಟ್ಟು ಬೆಳಿಗ್ಗೆ ಹಾಕುತ್ತಿದ್ದೆ. ತೋಟದ ಕೆಲಸಕ್ಕೆ ಒರಟಾದ ಬೆರಳಿಗೆ ಎಳೆ ಸಿಕ್ಕಿಕೊಳ್ಳುವುದಕ್ಕೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ, ನೂಲುವ ಮುಂಚೆ ಸೋಪು ಹಾಕಿ ತೊಳೆದು ಚೂರು ವಿಭೂತಿ ಸವರುತ್ತೇನೆ.

ಕೈ ಹದಕ್ಕೆ ಬರುತ್ತಿದೆಯೋ ಇಲ್ಲವೋ ನೋಡಲು ತೂಕದ ಲೆಕ್ಕ ಇಟ್ಟುಕೊಂಡಿದ್ದೇನೆ. 4 ಅಡಿ ಸುತ್ತಳತೆಯ ಮರದ ಚೌಕಟ್ಟಿಗೆ 160 ಸುತ್ತು ಸುತ್ತಿದರೆ ಸುಮಾರು 195 ಮೀಟರ್. ಅದನ್ನು ತೂಗಿದರೆ ನೂಲಿನ ನಂಬರ್ ತಿಳಿಯುತ್ತದೆ, ನಂಬರ್ ಹೆಚ್ಚಿದಷ್ಟೂ ನೂಲು ಸಣ್ಣ: 12 ಗ್ರಾಂ ಬಂದರೆ ಹತ್ತರ ಹತ್ತಿರ, 6 ಗ್ರಾಂ ಬಂದರೆ ಇಪ್ಪತ್ತರ ಹತ್ತಿರ. ಅಕ್ಟೋಬರ್‌ನಲ್ಲಿ, ತಲಕಾವೇರಿಯಲ್ಲಿ ತೀರ್ಥೋದ್ಭವವಾದ ವಾರ, ನನ್ನ ಮೊದಲ 160 ಸುತ್ತು 12 ಗ್ರಾಂ ತೂಗಿತು. ಅದಕ್ಕೂ ಮುಂಚೆ ಕಡಿದು ಗಂಟಾದದ್ದನ್ನೆಲ್ಲ ದೀಪದ ಬತ್ತಿ ಮಾಡಿದ್ದೇನೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಅದೇ ಉರಿಯಿತು.

ಕಳೆದ ವಾರದ್ದು 8 ಗ್ರಾಂ. ರೊಬಸ್ಟಾ ಕೊಯ್ಲು ಶುರುವಾಯಿತೆಂದರೆ ಬೆರಳು ಮತ್ತೆ ಬಿಗಿಯುತ್ತದೆ. ಅದಕ್ಕೇ ಈಗ ದಿನಕ್ಕೆ ಅರ್ಧ ಗಂಟೆ, ಬೆಳಿಗ್ಗೆ ತೋಟಕ್ಕೆ ಇಳಿಯುವ ಮುಂಚೆಯೇ ಕೂರುತ್ತಿದ್ದೇನೆ.