ಬೆಳಿಗ್ಗೆ ಮನೇಲಿ ಏನು ಕೊಟ್ರಿ?

ಒಂಬತ್ತು ಗಂಟೆಗೆ ಮಗು ಆಡುತ್ತಾ ಬರುತ್ತದೆ. ಹನ್ನೆರಡರ ಹೊತ್ತಿಗೆ ಮೂಲೆಯಲ್ಲಿ ಮುದುಡಿ ಮಲಗುತ್ತದೆ. ಮುಟ್ಟಿದರೆ ಮೈ ಕಾದ ಹಂಚು. ಮನೆಯಲ್ಲಿ ಡೇಕೇರ್ ನಡೆಸುವ ಯಾರನ್ನೇ ಕೇಳಿ, ಈ ಲೆಕ್ಕ ಗೊತ್ತಿರುತ್ತದೆ. ಏಳೂವರೆಗೆ ಕೊಟ್ಟ ಪ್ಯಾರಾಸಿಟಮಾಲ್ ನಾಲ್ಕೈದು ತಾಸು ಜ್ವರವನ್ನು ಅಡಗಿಸಿಡುತ್ತದೆ. ಅಷ್ಟರಲ್ಲಿ ತಾಯಿ ಕೆಲಸಕ್ಕೆ ಸೇರಿರುತ್ತಾಳೆ.

ಬಳ್ಳಾರಿಯ ಗಾಂಧಿನಗರದ ಕಡೆ ನಮ್ಮ ಮನೆ. ಕೆಳಗಿನ ಎರಡು ಕೋಣೆಗಳಲ್ಲಿ ಏಳು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಸದ್ಯ ಎಂಟು ಮಕ್ಕಳು. ನಾನು, ನನ್ನ ಜೊತೆ ಇನ್ನೊಬ್ಬ ಅಕ್ಕ. ತಾಯಂದಿರಲ್ಲಿ ಟೀಚರ್ ಇದ್ದಾರೆ, ಬ್ಯಾಂಕಿನವರು ಇದ್ದಾರೆ, ಒಬ್ಬರು ನರ್ಸ್. ಇಬ್ಬರು ಕಂಪನಿ ಬಸ್ಸಿನಲ್ಲಿ ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿಗೆ ಹೋಗುತ್ತಾರೆ. ಅಲ್ಲಿಂದ ಮಧ್ಯಾಹ್ನ ಎದ್ದು ಬರೋದು ಅಂದರೆ ಸುಮ್ನೆ ಮಾತಲ್ಲ.

ಶುರುವಿನಲ್ಲಿ ನನ್ನದು ಒಂದೇ ನಿಯಮ: ಜ್ವರ ಇದ್ದರೆ ಕರೆತರಬೇಡಿ. ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೆ. ಜ್ವರದ ಮಕ್ಕಳು ಬರೋದೇನೂ ನಿಲ್ಲಲಿಲ್ಲ. ತಾಯಂದಿರು ಹೇಳೋದು ನಿಂತಿತು, ಅಷ್ಟೇ.

ಅದು ನನಗೆ ಗೊತ್ತಾಗಿದ್ದು ಒಂದೂವರೆ ವರ್ಷದ ಹುಡುಗನಿಂದ. ಹತ್ತು ಗಂಟೆಗೆ ನೋಡಿದರೆ 101.8 ಜ್ವರ. ತಾಯಿಗೆ ಫೋನ್ ಮಾಡಿ, "ಬೆಳಿಗ್ಗೆ ಏನಾದ್ರೂ ಔಷಧಿ ಕೊಟ್ಟಿದ್ರೇನಮ್ಮಾ?" ಎಂದೆ. "ಇಲ್ಲ ಅಕ್ಕಾ, ಚೆನ್ನಾಗೇ ಇದ್ದ" ಎಂದಳು. ಬ್ಯಾಗಿನಲ್ಲಿದ್ದ ಸಿರಪ್ ಕೊಟ್ಟೆ. ಇಪ್ಪತ್ತು ನಿಮಿಷಕ್ಕೆ ಅವಳದೇ ಫೋನ್, ಅಳುತ್ತಿದ್ದಳು. "ಅಕ್ಕಾ, ಎಂಟು ಗಂಟೆಗೆ ಕೊಟ್ಟೇ ಬಿಟ್ಟು ಹೋಗಿದ್ದೆ."

ಎರಡೇ ತಾಸಿನಲ್ಲಿ ಎರಡು ಡೋಸ್! ನನ್ನ ಕೈಕಾಲು ತಣ್ಣಗಾದವು. ಅವರು ತೋರಿಸುವ ಡಾಕ್ಟರಿಗೇ ಫೋನ್ ಮಾಡಿದೆ. ಮಗುವಿನ ತೂಕ ಕೇಳಿದರು, ಬಾಟಲಿ ಮೇಲಿದ್ದದ್ದನ್ನು ಓದಿಸಿದರು. ಇದೊಂದು ಸಲಕ್ಕೆ ಹೆದರೋದು ಬೇಡ, ಸಂಜೆವರೆಗೆ ಮತ್ತೆ ಕೊಡಬೇಡಿ, ವಾಂತಿಯಾದರೆ ಅಥವಾ ಮಂಕಾದರೆ ಕೂಡಲೇ ಕರೆತನ್ನಿ ಎಂದರು. ಹುಡುಗ ಸಂಜೆ ಮೊಸರನ್ನ ತಿಂದು ಆಡುತ್ತಿದ್ದ. ನನಗೆ ಮಾತ್ರ ಊಟ ಸೇರಲಿಲ್ಲ.

ಕರೆದುಕೊಂಡು ಹೋಗಲು ಬಂದಾಗ ಬೈಯಬೇಕು ಅಂತಲೇ ನಿಂತಿದ್ದೆ. ಅವಳು ಮೆಲ್ಲಗೆ ಹೇಳಿದಳು: "ಹೇಳಿದ್ರೆ ನೀವು ವಾಪಸ್ ಕಳಿಸ್ತಿದ್ರಿ ಅಲ್ವಾ ಅಕ್ಕಾ? ಈ ತಿಂಗಳು ಆಗ್ಲೇ ಮೂರು ರಜೆ ಆಗಿದೆ."

ನಾನು ಏನೂ ಹೇಳಲಿಲ್ಲ. ಮರುದಿನ ಬಾಗಿಲಿನ ಚೀಟಿ ಕಿತ್ತೆ.

ಆಮೇಲೆ ಪೋಷಕರನ್ನೆಲ್ಲ ಕೂರಿಸಿ ಮಾತಾಡಿದೆ. ನಿಜ ಹೇಳಿದವರ ಮಗುವನ್ನು ಬಾಗಿಲಲ್ಲೇ ವಾಪಸ್ ಕಳಿಸುವುದಿಲ್ಲ ಎಂದೆ. ಸಣ್ಣ ಜ್ವರ, ನೆಗಡಿ, ಮಗು ಆಡಿಕೊಂಡಿದ್ದರೆ ಇಟ್ಟುಕೊಳ್ಳುತ್ತೇನೆ. ಆದರೆ ಫೋನ್ ಮಾಡಿದ ಒಂದು ತಾಸಿನೊಳಗೆ ಬರಬಲ್ಲ ಒಬ್ಬರ ಹೆಸರು ಬೇಕು. ಅಜ್ಜಿಯೋ, ಚಿಕ್ಕಪ್ಪನೋ, ಪಕ್ಕದ ಮನೆಯವರೋ ಆಗಬಹುದು. ತೋರಣಗಲ್ಲಿನ ತಾಯಿಯ ನಂಬರ್ ಒಂದೇ ಇದ್ದರೆ ಸಾಲದು. ಕಾಯಿಲೆಯಿಂದ ತಪ್ಪಿದ ದಿನಗಳಿಗೆ ಫೀಸ್ ತೆಗೆದುಕೊಳ್ಳುವುದನ್ನೂ ಬಿಟ್ಟೆ. ತಿಂಗಳ ಕೊನೆಗೆ ಕೈ ಕಚ್ಚುತ್ತದೆ, ಸುಳ್ಳು ಹೇಳಲ್ಲ. ಆದರೂ ಬಾಯಿಂದ ಸಿರಪ್ಪಿನ ವಾಸನೆ ಬರುತ್ತಿದ್ದ ಮಗುವನ್ನು ಎದುರಿಗಿಟ್ಟುಕೊಂಡು "ಏನೂ ಕೊಟ್ಟಿಲ್ಲ" ಅನ್ನುವವರು ಆಮೇಲೆ ಕಾಣಲಿಲ್ಲ.

ಹಾಗಂತ ಎಲ್ಲಕ್ಕೂ ಬಾಗಿಲು ತೆರೆದಿಲ್ಲ. ವಾಂತಿ ಭೇದಿ, ಕಣ್ಣು ಬೇನೆ, ಅಂಗೈ ಅಂಗಾಲಿನಲ್ಲಿ ಗುಳ್ಳೆ ಎದ್ದು ಬಾಯಿ ಹುಣ್ಣಾಗುವ ಕಾಯಿಲೆ, ಇವಕ್ಕೆ ಮನೆಯೇ ಸರಿ. ಸೀತಾಳೆ ಸಿಡುಬಾದರೆ ಗುಳ್ಳೆಯೆಲ್ಲ ಒಣಗಿ ಹಕ್ಕಳೆ ಕಟ್ಟಬೇಕು. "ಅಮ್ಮ ಬಂದಾಳ" ಎಂದು ದವಾಖಾನೆಗೆ ಹೋಗದ ಮನೆಗಳು ನಮ್ಮ ಕಡೆ ಇನ್ನೂ ಇವೆ. ನಾನು ಅವರ ನಂಬಿಕೆ ಜೊತೆ ಜಗಳಕ್ಕೆ ಹೋಗುವುದಿಲ್ಲ. ಬೇವು ಕಟ್ಟಿ, ಡಾಕ್ಟರಿಗೂ ತೋರಿಸಿ ಎನ್ನುತ್ತೇನೆ.

ಈಗ ಬಾಗಿಲ ಬಳಿ ಒಂದು ನೋಟ್‌ಬುಕ್ ಇದೆ. ಬಿಡಲು ಬಂದವರೇ ಬರೆಯಬೇಕು: ಔಷಧಿ ಹೆಸರು, ಬಾಟಲಿ ಮೇಲಿನ ಪವರ್, ಎಷ್ಟು ಮಿಲಿ, ಎಷ್ಟು ಗಂಟೆಗೆ. ಏನೂ ಕೊಡದಿದ್ದರೆ "ಇಲ್ಲ" ಎಂದು ಬರೆಯಬೇಕು, ಖಾಲಿ ಬಿಡುವಂತಿಲ್ಲ. ನಾನು ಕೊಟ್ಟದ್ದನ್ನು ಅದರ ಕೆಳಗೆ ಬರೆಯುತ್ತೇನೆ. ಡಾಕ್ಟರ್ ಚೀಟಿಯ ಫೋಟೋ ಇಲ್ಲದೆ ಯಾವ ಔಷಧಿಯನ್ನೂ ಕೊಡುವುದಿಲ್ಲ.

ಪವರ್ ಯಾಕೆ ಅಂದರೆ, ಇದರಲ್ಲೇ ಎಲ್ಲರೂ ಎಡವುವುದು. ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಗೆ 125 ಮಿಲಿಗ್ರಾಂ ಇರುವುದು ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹೆಸರು, ಡಬ್ಬಿ ಹೆಚ್ಚುಕಮ್ಮಿ ಒಂದೇ. ಕೂಸುಗಳಿಗೆ ಕೊಡುವ ಡ್ರಾಪ್ಸ್ ಅಂತೂ ಒಂದೇ ಮಿಲಿಗೆ 100 ಮಿಲಿಗ್ರಾಂ. ಸಾಮಾನ್ಯವಾಗಿ ಒಂದು ಡೋಸಿಗೆ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕ. ಹತ್ತು ಕಿಲೋ ಮಗುವಿಗೆ 150 ಆಯಿತು. ಅದು 125ರ ಸಿರಪ್ಪಿನಲ್ಲಿ 6 ಮಿಲಿ, 250ರದ್ದರಲ್ಲಿ 3, ಡ್ರಾಪ್ಸಿನಲ್ಲಿ ಒಂದೂವರೆ. ಒಮ್ಮೆ ಬಾಟಲಿ ಮುಗಿದಿತ್ತೆಂದು ಒಬ್ಬ ಅಜ್ಜಿ ಹೊಸದು ತಂದುಕೊಟ್ಟರು. "ಮೊದಲಿನಷ್ಟೇ ಹಾಕ್ರಿ" ಎಂದರು. ಓದಿ ನೋಡಿದರೆ ಹಳೆಯದು 125, ಹೊಸದು 250. ಹಾಕಿದ್ದರೆ ಸರಿಯಾಗಿ ಎರಡರಷ್ಟು ಹೋಗುತ್ತಿತ್ತು.

ಇನ್ನೊಂದು ಮೋಸ ನೆಗಡಿ ಸಿರಪ್ಪಿನದು. ಎಷ್ಟೋ ನೆಗಡಿ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಕೊಟ್ಟರೆ ಒಂದೇ ಔಷಧಿ ಎರಡು ಸಲ ಕೊಟ್ಟಂತೆ. ಮಳೆಗಾಲದಲ್ಲಿ ಐಬುಪ್ರೊಫೆನ್ ಎಂಬ ಇನ್ನೊಂದು ಜ್ವರದ ಔಷಧಿ ಸೇರಿದ ಸಿರಪ್ ತಂದರೂ ಡಾಕ್ಟರನ್ನು ಕೇಳದೆ ಮುಟ್ಟುವುದಿಲ್ಲ. ಡೆಂಗಿ ಆಗಿದ್ದರೆ ರಕ್ತಸ್ರಾವದ ಭಯ. ಕೆಮ್ಮಿನ ಸಿರಪ್ಪನ್ನು 2025ರ ಅಕ್ಟೋಬರ್‌ನಿಂದ ಪೂರ್ತಿ ಬಿಟ್ಟೆ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಬಂದಾಗ, ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸರ್ಕಾರವೇ ಹೇಳಿತು.

ಅಡುಗೆಮನೆಯ ಚಮಚದಲ್ಲಿ ಅಳೆಯುವುದಿಲ್ಲ. ಸೂಜಿ ಇಲ್ಲದ ಸಿರಿಂಜ್ ಇಟ್ಟಿದ್ದೇನೆ, ಮಗುವಿಗೊಂದು. ಕೆನ್ನೆಯ ಒಳಗೆ ಮೆಲ್ಲಗೆ ಬಿಟ್ಟರೆ ಉಗುಳುವುದು ಕಡಿಮೆ. ಹಾಲಿನ ಬಾಟಲಿಗೆ ಬೆರೆಸುವುದೂ ಇಲ್ಲ. ಅರ್ಧ ಹಾಲು ಬಿಟ್ಟರೆ ಎಷ್ಟು ಔಷಧಿ ಹೋಯಿತು ಅಂತ ಯಾರಿಗೆ ಗೊತ್ತು?

ನಮ್ಮೂರ ಬಿಸಿಲಿನ ಮಾತು ಬೇರೆ. ಏಪ್ರಿಲ್, ಮೇನಲ್ಲಿ ಸ್ಕೂಟರಿನ ಮೇಲೆ ಬಂದ ಮಗುವಿನ ಮೈ ಹಾಗೇ ಸುಡುತ್ತಿರುತ್ತದೆ. ಹದಿನೈದು ಇಪ್ಪತ್ತು ನಿಮಿಷ ನೆರಳಲ್ಲಿ ಕೂರಿಸಿ, ನೀರು ಕುಡಿಸಿ, ಆಮೇಲೆ ಬಗಲಲ್ಲಿ ಥರ್ಮಾಮೀಟರ್ ಇಡುತ್ತೇನೆ. ಭೇದಿ ಶುರುವಾಗುವುದೂ ಆಗಲೇ. ಕರೆದುಕೊಂಡು ಹೋಗುವವರು ಬರುವ ತನಕ ಓಆರ್‌ಎಸ್ ನನ್ನ ಕೆಲಸ. ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ ಒಂದು ಲೀಟರ್ ನೀರಿಗೆ. ನಮ್ಮ ಅಕ್ಕ ಮೊದಲು ಲೋಟಕ್ಕೆ ಒಂದೊಂದು ಚಮಚ ಹಾಕಿ ಕಲಸುತ್ತಿದ್ದರು. ಹಾಗೆ ಮಾಡಿದರೆ ಉಪ್ಪಿನ ಅಳತೆ ತಪ್ಪುತ್ತದೆ. ಈಗ ಲೀಟರ್ ಬಾಟಲಿಗೆ ಗೆರೆ ಹಾಕಿಟ್ಟಿದ್ದೇನೆ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕುಡಿಸಬೇಕು.

ಒಂದೇ ಒಂದು ಸಲ ಜ್ವರದಲ್ಲಿ ಫಿಟ್ಸ್ ನೋಡಿದ್ದೇನೆ. ಅಕ್ಕ ಕೈಯಲ್ಲಿ ಕಬ್ಬಿಣದ ಕೀಲಿಕೈ ಹಿಡಿದು ಓಡಿ ಬಂದರು. ನಾನು ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ಗಡಿಯಾರ ನೋಡುತ್ತಾ ಕೂತೆ. ಐದು ನಿಮಿಷ ದಾಟಿದರೆ ಅಪಾಯ, ಇದು ಎರಡೇ ನಿಮಿಷಕ್ಕೆ ನಿಂತಿತು. ಆ ಎರಡು ನಿಮಿಷ ಎಷ್ಟು ಉದ್ದ ಅಂತ ನನಗೇ ಗೊತ್ತು. 108ಕ್ಕೆ ಫೋನ್ ಮಾಡಿದ್ದು ನಮ್ಮ ಯಜಮಾನರು. ಮಗುವಿಗೆ ಮೊದಲೂ ಹೀಗಾಗಿತ್ತು ಅಂತ ತಿಳಿದಿದ್ದು ದವಾಖಾನೆಯಲ್ಲಿ. ಅಂದಿನಿಂದ ಸೇರಿಸಿಕೊಳ್ಳುವಾಗಲೇ ಅದನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಎರಡು ಡೋಸಿನ ಆ ಹುಡುಗನಿಗೆ ಈಗ ನಾಲ್ಕು ವರ್ಷ, ಅವನ ತಂಗಿಯೂ ನಮ್ಮಲ್ಲೇ ಇದ್ದಾಳೆ. ಮೊನ್ನೆ ಅವರಮ್ಮ ನೋಟ್‌ಬುಕ್ಕಿನಲ್ಲಿ ಬರೆದಿದ್ದರು: "ಪ್ಯಾರಾಸಿಟಮಾಲ್ 125. 5 ಮಿಲಿ. 7.10ಕ್ಕೆ. ಅರ್ಧ ನನ್ನ ಸೀರೆ ಮೇಲೆ ಉಗುಳಿದ್ಳು. ಎಷ್ಟು ಹೋಯ್ತೋ ಗೊತ್ತಿಲ್ಲ, ಮತ್ತೆ ಕೊಟ್ಟಿಲ್ಲ."