ಗುಲ್ಮಾರ್ಗ್‌ಗೆ ಹೊರಟ ಮುಂಬೈಯವರಿಗೆ: ಸ್ಕೀ ಬೂಟಿನೊಳಗೆ ಕಾಲು ಬೆಚ್ಚಗೆ ಇಡುವುದು ಹೇಗೆ

ಡಿಸೆಂಬರ್ ಬಂತಂದ್ರೆ ಡೊಂಬಿವಿಲಿ, ಮುಲುಂಡ್, ಥಾಣೆ ಕಡೆಯ ನಮ್ಮ ಜನ ಗುಂಪು ಕಟ್ಕೊಂಡು ಕಾಶ್ಮೀರಕ್ಕೆ ಹೊರಡ್ತಾರೆ, ಈಗೀಗ ಬರೀ ಹಿಮದಲ್ಲಿ ಫೋಟೋ ತೆಗೆದು ಬರುವುದಲ್ಲ, ಎರಡು ಮೂರು ದಿನ ಸ್ಕೀಯಿಂಗ್ ಕಲಿಯುವ ಪ್ಲಾನೂ ಇರ್ತದೆ, ತುಂಬಾ ಒಳ್ಳೇದು. ಆದ್ರೆ ಹೋಗಿ ಬಂದವರನ್ನು ಕೇಳಿ ನೋಡಿ, ಹೆಚ್ಚಿನವರದ್ದು ಒಂದೇ ಮಾತು, ಮೈಗೆಲ್ಲ ಚಳಿ ಆಗ್ಲಿಲ್ಲ ಮಾರಾಯ್ರೆ, ಕಾಲು ಮಾತ್ರ ಮರಗಟ್ಟಿ ಹೋಯ್ತು, ಮಧ್ಯಾಹ್ನದ ಮೇಲೆ ಸ್ಕೀ ಹಾಕ್ಲಿಕ್ಕೇ ಆಗ್ಲಿಲ್ಲ ಅಂತ. ಅಷ್ಟು ದುಡ್ಡು ಕೊಟ್ಟು ಹೋಗಿ, ಇನ್‌ಸ್ಟ್ರಕ್ಟರ್ ಇಟ್ಕೊಂಡು, ಬರೀ ಕಾಲಿನ ಬೆರಳಿಗೋಸ್ಕರ ಅರ್ಧ ದಿನ ಚಾ ಅಂಗಡಿಯಲ್ಲಿ ಕೂರುವವರನ್ನು ನೋಡಿದ್ರೆ ನನಗೆ ನಿಜವಾಗಿ ಬೇಜಾರಾಗ್ತದೆ, ಯಾಕಂದ್ರೆ ಹೆಚ್ಚಿನ ಸಲ ಇದನ್ನು ತಪ್ಪಿಸ್ಲಿಕ್ಕೆ ಆಗ್ತದೆ.

ಮೊದ್ಲು ಕಾರಣ ಹೇಳ್ತೇನೆ, ಅದು ಗೊತ್ತಾದ್ರೆ ಉಳಿದದ್ದೆಲ್ಲ ಸುಲಭ. ಕಾಲಿನ ಬೆರಳಲ್ಲಿ ದೊಡ್ಡ ಮಾಂಸಖಂಡ ಇಲ್ಲ, ಅದಕ್ಕೆ ತಾನಾಗಿ ಬಿಸಿ ಹುಟ್ಟಿಸುವ ತಾಕತ್ತು ಕಮ್ಮಿ, ಮೇಲಿಂದ ರಕ್ತ ತಂದು ಕೊಟ್ಟ ಬಿಸಿಯೇ ಅದಕ್ಕೆ ಗತಿ. ಹೊರಗೆ ಚಳಿ ಜಾಸ್ತಿ ಆದ ಕೂಡಲೇ ದೇಹ ಎದೆ ಹೊಟ್ಟೆಯೊಳಗಿನ ಅಂಗಗಳನ್ನು ಕಾಪಾಡ್ಲಿಕ್ಕೆ ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡ್ತದೆ, ಅಂದ್ರೆ ಬೆರಳಿಗೆ ಬರುವ ಬಿಸಿ ಆಗ್ಲೇ ಕಮ್ಮಿ ಆಗಿರ್ತದೆ. ಅದ್ರ ಮೇಲೆ ನಾವು ದಪ್ಪ ಸಾಕ್ಸ್ ತುರುಕಿ, ಬಕಲ್ ಎಳೆದು ಬಿಗಿದು ಉಳಿದದ್ದನ್ನೂ ನಿಲ್ಲಿಸಿಬಿಡ್ತೇವೆ. ಇನ್ನೊಂದು ಕಾರಣ ಬೆವರು. ಅಂಗಾಲಲ್ಲಿ ಬೆವರಿನ ಗ್ರಂಥಿಗಳು ತುಂಬಾ ಒತ್ತೊತ್ತಾಗಿ ಉಂಟು, ಪ್ಲಾಸ್ಟಿಕ್ ಬೂಟಿನೊಳಗೆ ಆ ಬೆವರಿಗೆ ಹೋಗ್ಲಿಕ್ಕೆ ಜಾಗ ಇಲ್ಲ, ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಎಷ್ಟೋ ಬೇಗ ಮೈಯ ಬಿಸಿ ಎಳೀತದೆ. ಹಾಗಾಗಿ ಕೆಲಸ ಎರಡೇ, ರಕ್ತ ಓಡಾಡ್ಲಿಕ್ಕೆ ಬಿಡಬೇಕು, ಕಾಲು ಒಣಗಿರಬೇಕು.

ಅಲ್ಲಿನ ಚಳಿ ಎಷ್ಟು ಅಂತಲೂ ಒಂದು ಅಂದಾಜು ಇರ್ಲಿ. ಡಿಸೆಂಬರ್ 21ರಿಂದ 40 ದಿನ ಕಾಶ್ಮೀರದಲ್ಲಿ ಚಿಲ್ಲೈ ಕಲಾನ್, ವರ್ಷದ ಅತಿ ಕಠಿಣ ಚಳಿ. ಗುಲ್ಮಾರ್ಗ್ ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ, ಗೊಂಡೋಲಾದ, ಅಂದ್ರೆ ಕೇಬಲ್ ಕಾರಿನ, ಎರಡನೇ ಹಂತ ಅಫರ್ವಾತ್ ಬೆಟ್ಟದಲ್ಲಿ 3,900 ಮೀಟರ್ ದಾಟ್ತದೆ. ಸಾವಿರ ಮೀಟರ್ ಹತ್ತಿದ್ರೆ ಸಾಮಾನ್ಯವಾಗಿ ಆರೂವರೆ ಡಿಗ್ರಿ ಇಳೀತದೆ, ಹಾಗಾಗಿ ಕೆಳಗೆ ಮೈನಸ್ 5 ಇದ್ರೆ ಮೇಲೆ ಮೈನಸ್ 13ರ ಹತ್ತಿರ, ಗಾಳಿ ಬೇರೆ. ಕಲಿಯುವವರು ಹೇಗೂ ಕೆಳಗಿನ ಇಳಿಜಾರಲ್ಲೇ ಇರ್ತಾರೆ, ಆದ್ರೆ ಅವರಿಗೇ ಕಷ್ಟ ಜಾಸ್ತಿ, ಯಾಕಂದ್ರೆ ಸರದಿ ಬರುವವರೆಗೆ ನಿಂತೇ ಇರುವುದು.

ಈಗ ಸಾಕ್ಸ್. ಒಂದೇ ಜೊತೆ, ತೆಳ್ಳಗಿನದ್ದು, ಮೊಣಕಾಲಿನವರೆಗೆ ಬರುವಂಥದ್ದು, ಮೆರಿನೋ ಉಣ್ಣೆಯದ್ದು ಅಥವಾ ಉಣ್ಣೆ ಸಿಂಥೆಟಿಕ್ ಮಿಕ್ಸ್. ಎರಡು ಜೊತೆ ಹಾಕಿದ್ರೆ ಬೆಚ್ಚಗೆ ಅಂತ ನಮ್ಮಲ್ಲಿ ಎಲ್ಲರೂ ನಂಬಿರ್ತಾರೆ, ಮನೆಯಲ್ಲಿ ಹಿರಿಯರೂ ಬ್ಯಾಗಿಗೆ ಇನ್ನೆರಡು ಜೊತೆ ಹಾಕಿ ಕಳಿಸ್ತಾರೆ, ಆದ್ರೆ ಸ್ಕೀ ಬೂಟಿನಲ್ಲಿ ಅದು ಉಲ್ಟಾ. ಬೂಟಿನ ಒಳಗೆ ಲೈನರ್ ಅಂತ ದಪ್ಪ ಫೋಮ್ ಇರ್ತದೆ, ಬೆಚ್ಚಗೆ ಇಡುವ ಕೆಲಸ ಅದ್ರದ್ದು, ಸಾಕ್ಸಿನದ್ದು ಬೆವರು ಎತ್ತಿ ಆಚೆ ಕೊಡುವ ಕೆಲಸ. ಎರಡು ಜೊತೆ ಹಾಕಿದ್ರೆ ಒಂದ್ರ ಮೇಲೆ ಒಂದು ಜಾರಿ ಮಡಿಕೆ ಬೀಳ್ತದೆ, ಆ ಮಡಿಕೆ ಒತ್ತಿದ ಜಾಗದಲ್ಲಿ ನೋವೂ ಬರ್ತದೆ, ರಕ್ತವೂ ನಿಲ್ತದೆ. ಕಾಟನ್ ಅಂತೂ ಬೇಡವೇ ಬೇಡ, ಒದ್ದೆ ಆದ್ರೆ ಬೂಟಿನೊಳಗೆ ದಿನವಿಡೀ ಒಣಗುವುದಿಲ್ಲ. ಉಣ್ಣೆ ತನ್ನ ತೂಕದ ಹೆಚ್ಚುಕಮ್ಮಿ 30 ಶೇಕಡಾದಷ್ಟು ತೇವ ಹೀರಿದ್ರೂ ಕೈಗೆ ಒದ್ದೆ ಅಂತ ಅನ್ನಿಸುವುದಿಲ್ಲ, ಅದಕ್ಕೇ ಅದಕ್ಕೆ ಅಷ್ಟು ಮರ್ಯಾದೆ. ಡೆಕಾಥ್ಲಾನ್‌ನಲ್ಲಿ ಸ್ಕೀ ಸಾಕ್ಸ್ ಅಂತಲೇ ಬೇರೆ ಮಾಡ್ತಾರೆ, ಅದನ್ನೇ ಕೇಳಿ, ಟ್ರೆಕ್ಕಿಂಗ್‌ನ ದಪ್ಪ ಸಾಕ್ಸ್ ಅಲ್ಲ. ಮೂರು ಜೊತೆ ಇದ್ರೆ ಸಾಕು, ಒಂದು ಕಾಲಲ್ಲಿ, ಒಂದು ಒಣಗ್ಲಿಕ್ಕೆ, ಒಂದು ದಿನವಿಡೀ ಬ್ಯಾಗಲ್ಲಿ.

ಥರ್ಮಲ್ ಪ್ಯಾಂಟ್ ವಿಷಯವೂ ಇದೇ, ಅದ್ರ ತುದಿ ಬೂಟಿನೊಳಗೆ ಹೋಗ್ಬಾರ್ದು. ಮುಕ್ಕಾಲು ಉದ್ದದ್ದು ಸಿಕ್ಕಿದ್ರೆ ಒಳ್ಳೇದು, ಇಲ್ಲದಿದ್ರೆ ಬೂಟಿನ ಅಂಚಿಗಿಂತ ಮೇಲಕ್ಕೆ ಸಪಾಟಾಗಿ ಎಳ್ಕೊಳ್ಳಿ. ಕಣಕಾಲಿಗೂ ಬೂಟಿನ ನಾಲಿಗೆಗೂ ಮಧ್ಯ ಸಾಕ್ಸ್ ಒಂದು ಬಿಟ್ಟು ಬೇರೇನೂ ಇರ್ಬಾರ್ದು.

ನಮ್ಮ ಗುಂಪಿನ ಜೊತೆ ಬಂದ ಒಬ್ಬ ಹುಡುಗಿ, ಹನ್ನೆರಡು ಹದಿಮೂರು ವರ್ಷದವಳು, ಬೆಳಿಗ್ಗೆ ಹನ್ನೊಂದಕ್ಕೇ ಅಳ್ಲಿಕ್ಕೆ ಶುರು ಮಾಡಿದ್ಲು. ಒಳಗೆ ಕರ್ಕೊಂಡು ಹೋಗಿ ಬೂಟು ತೆಗೆದ್ರೆ ಶಾಲೆಯ ಬಿಳೀ ಕಾಟನ್ ಸಾಕ್ಸ್ ಎರಡು ಜೊತೆ, ಅದ್ರ ಮೇಲೆ ಥರ್ಮಲ್, ಕಾಲಿನ ಮುಂಭಾಗದಲ್ಲಿ ಹೊಲಿಗೆಯ ಗುರುತು ಕೆಂಪಗೆ ಅಚ್ಚಾಗಿತ್ತು, ಬೆರಳು ಮಾತ್ರ ಮೇಣದ ಹಾಗೆ ಬೆಳ್ಳಗೆ. ಅವಳಮ್ಮ ಎಲ್ಲ ತೆಗೆದು ಒರಸಿ, ಬೆರಳುಗಳನ್ನು ತನ್ನ ಎರಡು ಕೈಗಳ ಒಳಗೆ ಸುಮ್ಮನೆ ಹಿಡ್ಕೊಂಡು ಕೂತ್ರು, ತಿಕ್ಕಲಿಲ್ಲ. ಬಣ್ಣ ತಿರುಗಿ ಬಂದು, ಉರಿ ಉರಿ ಅಂತ ಅವಳು ಹೇಳಿದ ಮೇಲೆ ಒಂದೇ ಒಂದು ಉಣ್ಣೆ ಸಾಕ್ಸ್ ಹಾಕಿ ಕಳಿಸಿದ್ದು, ಸಂಜೆವರೆಗೆ ಹುಡುಗಿ ಕೆಳಗೆ ಬರ್ಲಿಕ್ಕೇ ಒಪ್ಲಿಲ್ಲ.

ಬೂಟು ಹೆಚ್ಚಿನವರು ಅಲ್ಲೇ ಬಾಡಿಗೆಗೆ ತಗೊಳ್ತಾರೆ, ಇಲ್ಲಿ ಸ್ವಲ್ಪ ಹಟ ಮಾಡ್ಬೇಕು ನೀವು. ಅಂಗಡಿಯಲ್ಲಿ ರಶ್ ಇರ್ತದೆ, ಕೈಗೆ ಸಿಕ್ಕಿದ್ದು ಕೊಟ್ಟು ಮುಂದೆ ಕಳಿಸ್ತಾರೆ. ಮನೆಯಲ್ಲೇ ಹೊರಡುವ ಮೊದ್ಲು ಗೋಡೆಗೆ ಹಿಮ್ಮಡಿ ತಾಗಿಸಿ ಪೇಪರ್ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಹಾಕಿ ಸೆಂಟಿಮೀಟರಲ್ಲಿ ಅಳೆದು ಇಟ್ಕೊಳ್ಳಿ, ಎರಡೂ ಕಾಲು. ಸ್ಕೀ ಬೂಟಿನ ಸೈಜ್ ಅದೇ ಲೆಕ್ಕ, 26 ಸೆಂಟಿಮೀಟರ್ ಕಾಲಿಗೆ 26ರ ಬೂಟು, ಅದಕ್ಕೆ ಮೊಂಡೋ ಸೈಜ್ ಅಂತಾರೆ. ಹೆಚ್ಚಿನ ಬ್ರಾಂಡ್‌ಗಳಲ್ಲಿ 26, 26.5 ಎರಡಕ್ಕೂ ಹೊರಗಿನ ಪ್ಲಾಸ್ಟಿಕ್ ಒಂದೇ. ಬೂಟು ಹಾಕಿ ನೆಟ್ಟಗೆ ನಿಂತಾಗ ಬೆರಳು ಮುಂದೆ ಸ್ವಲ್ಪ ತಾಗ್ಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದ್ರೆ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿ ಆಗ್ಬೇಕು, ಬೆರಳು ಆಡಿಸ್ಲಿಕ್ಕೆ ಆಗ್ಬೇಕು. ತುಂಬಾ ದೊಡ್ಡ ಬೂಟು ಆರಾಮ ಅಂತ ತಗೊಳ್ಬೇಡಿ, ಒಳಗೆ ಕಾಲು ಜಾರ್ತದೆ, ಜಾರ್ತದೆ ಅಂತ ಬಕಲ್ ಬಿಗೀತೀರಿ, ಬಿಗಿದ್ರೆ ರಕ್ತ ನಿಲ್ತದೆ. ಮತ್ತೆ ಕೈ ಒಳಗೆ ಹಾಕಿ ಲೈನರ್ ಮುಟ್ಟಿ ನೋಡಿ, ಮುಂದೆ ಬೆರಳಿನ ಹತ್ತಿರದವರೆಗೆ. ಹಿಂದಿನ ದಿನ ಬೇರೆಯವರು ಹಾಕಿದ ಬೂಟು ಒಳಗೆ ತೇವ ಇದ್ರೆ ಮುಖ ನೋಡದೆ ವಾಪಸ್ ಕೊಡಿ, ಬೇರೆ ಕೇಳಿ.

ಬಕಲ್ ಹಾಕುವ ಕ್ರಮ ಇದು, ಇದೊಂದನ್ನು ಸರಿ ಮಾಡಿದ್ರೆ ಅರ್ಧ ಕೆಲಸ ಮುಗೀತು. ಬೂಟಿಗೆ ಕಾಲು ಹಾಕಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಮೊಣಕಾಲು ಮುಂದಕ್ಕೆ ಒತ್ತಿ, ಆಗ ಹಿಮ್ಮಡಿ ಅದ್ರ ಜಾಗದಲ್ಲಿ ಕೂರ್ತದೆ. ಮೊದ್ಲು ಮೇಲಿನ ಎರಡು ಬಕಲ್, ಅಂದ್ರೆ ಕಣಕಾಲಿನ ಮೇಲಿನದ್ದು, ಅದನ್ನು ಗಟ್ಟಿ ಹಾಕಿ, ಅದ್ರ ಮೇಲಿನ ಪಟ್ಟಿಯನ್ನೂ ಎಳೆದು ಅಂಟಿಸಿ. ಆಮೇಲೆ ಪಾದದ ಮೇಲಿನ ಬಕಲ್, ಹಿಮ್ಮಡಿ ಮೇಲೇಳದಷ್ಟು ಮಾತ್ರ. ಬೆರಳಿನ ಹತ್ತಿರದ್ದು ಸುಮ್ಮನೆ ಸಿಕ್ಕಿಸಿ ಬಿಡಿ, ಹಿಮ ಒಳಗೆ ಹೋಗದಿದ್ರೆ ಸಾಕು. ಪಾದದ ಮೇಲ್ಭಾಗದಲ್ಲಿ ಚರ್ಮದ ಕೆಳಗೇ ಒಂದು ಅಪಧಮನಿ ಹೋಗ್ತದೆ, ಬೆರಳು ಇಟ್ರೆ ನಾಡಿ ಸಿಗ್ತದೆ, ಡಾಕ್ಟ್ರು ಕಾಲಿನ ನಾಡಿ ನೋಡುವುದು ಅಲ್ಲಿಯೇ. ಬಕಲ್ ಸರಿಯಾಗಿ ಅದ್ರ ಮೇಲೆ ಕೂರ್ತದೆ, ಅದಕ್ಕೇ ಅಲ್ಲಿ ಬಿಗಿದ್ರೆ ಬೆರಳು ಮರಗಟ್ತದೆ. ಗೊಂಡೋಲಾದಲ್ಲಿ, ಲಿಫ್ಟ್ ಲೈನಲ್ಲಿ, ಚಾ ಕುಡಿಯುವಾಗ ಬಕಲ್ ಎಲ್ಲ ಬಿಚ್ಚಿ ಇಡಿ, ಇಳಿಯುವ ಮೊದ್ಲು ಮಾತ್ರ ಹಾಕಿ. ಚೇರ್ ಲಿಫ್ಟಲ್ಲಾದ್ರೆ ಸಡಿಲ ಮಾಡಿದ್ರೆ ಸಾಕು, ಗಾಳಿಯಲ್ಲಿ ನೇತಾಡ್ತಾ ಬಗ್ಗಿ ಕಸರತ್ತು ಮಾಡುವುದು ಬೇಡ.

ಬೂಟು ರೂಮಿನೊಳಗೆ ಬೆಚ್ಚಗೆ ಇದ್ದಾಗಲೇ ಹಾಕ್ಕೊಳ್ಳಿ. ಚಳಿಗೆ ಪ್ಲಾಸ್ಟಿಕ್ ಬಿಗಿಯಾಗ್ತದೆ, ಕಾಲು ಒಳಗೆ ಹೋಗುವುದೇ ಕಷ್ಟ, ಮತ್ತೆ ತಣ್ಣಗಾದ ಬೂಟನ್ನು ಬಿಸಿ ಮಾಡುವ ಕೆಲಸ ನಿಮ್ಮ ಕಾಲಿನದ್ದೇ ಆಗ್ತದೆ. ರಾತ್ರಿ ಕಾರಿನ ಡಿಕ್ಕಿಯಲ್ಲಿ ಬಿಡ್ಬೇಡಿ. ಸ್ಲೋಪಿನ ಹತ್ತಿರವೇ ಬೂಟು ಹಾಕುವುದಾದ್ರೆ ಹೋಟೆಲಿಂದ ಹಾಕ್ಕೊಂಡು ಬಂದ ಸಾಕ್ಸಲ್ಲೇ ಹಾಕ್ಬೇಡಿ, ಅಷ್ಟರಲ್ಲಿ ಅದು ಬೆವತಿರ್ತದೆ, ಅಲ್ಲಿ ಕೂತು ಹೊಸದ್ದು ಬದಲಿಸಿ. ಕಾಲು ತುಂಬಾ ಬೆವರುವವರು ಹಿಂದಿನ ರಾತ್ರಿ ಅಂಗಾಲಿಗೆ ಬೆವರು ತಡೆಯುವ ರೋಲ್ ಆನ್ ಹಚ್ಚಿ ಮಲಗಿದ್ರೆ ಉಪಕಾರ ಆಗ್ತದೆ, ಡಿಯೋಡರೆಂಟ್ ಅಲ್ಲ, ಆಂಟಿಪರ್ಸ್ಪಿರೆಂಟ್ ಅಂತ ಬರೆದದ್ದು.

ಕಾಲಿನ ಚಿಂತೆಯಲ್ಲಿ ಮೈ ಮರೀಬೇಡಿ. ಎದೆ, ಹೊಟ್ಟೆ, ತೊಡೆ ತಣ್ಣಗಾದ್ರೆ ದೇಹ ಕಾಲಿಗೆ ರಕ್ತ ಕೊಡುವುದೇ ಇಲ್ಲ, ಎಷ್ಟು ದುಬಾರಿ ಸಾಕ್ಸ್ ಇದ್ರೂ. ತೊಡೆಗೆ ಒಳ್ಳೇ ಥರ್ಮಲ್, ಕುತ್ತಿಗೆ ಮುಚ್ಚಿರಬೇಕು, ಹೆಲ್ಮೆಟ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗುವುದು ಬೇಡ, ಹೊಟ್ಟೆ ತುಂಬಾ ತಿಂದು ಹೋಗಿ, ಜೇಬಲ್ಲಿ ಶೇಂಗಾ ಚಿಕ್ಕಿ ಇಟ್ಕೊಳ್ಳಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದ್ರೂ ನೀರು ಕುಡೀತಾ ಇರಿ. ಸಿಗರೇಟ್ ರಕ್ತನಾಳ ಕಿರಿದು ಮಾಡ್ತದೆ, ಬೆರಳಿಗೆ ನೇರ ಪೆಟ್ಟು. ಎರಡು ಪೆಗ್ ಹಾಕಿದ್ರೆ ಬೆಚ್ಚಗೆ ಅನ್ನಿಸುವುದು ಚರ್ಮಕ್ಕೆ ರಕ್ತ ಬಂದದ್ದರಿಂದ, ಆ ಬಿಸಿ ಹೊರಗೆ ಹೋಗಿ ಒಳಗೆ ಮೈ ತಣ್ಣಗಾಗ್ತದೆ, ಸ್ಕೀ ಮುಗಿಯುವ ತನಕ ಅದನ್ನು ಮುಟ್ಬೇಡಿ.

ಸ್ಲೋಪಲ್ಲಿ ನಿಂತಿರುವಾಗ ಬೆರಳು ಆಡಿಸ್ತಾ ಇರಿ. ಹೊಸಬರು ಬೀಳುವ ಹೆದರಿಕೆಯಲ್ಲಿ ಬೆರಳಿಂದ ನೆಲ ಹಿಡಿಯುವ ಹಾಗೆ ಮಡಚಿ ಇಟ್ಕೊಳ್ತಾರೆ, ಅವರಿಗೇ ಗೊತ್ತಿರುವುದಿಲ್ಲ, ಹಾಗೆ ಮಡಚಿದ್ರೆ ಪಾದ ಹಿಡ್ಕೊಳ್ತದೆ, ತಣ್ಣಗೂ ಆಗ್ತದೆ. ಬೆರಳು ಜೋಮು ಹಿಡಿದ್ರೆ ಸ್ಕೀ ಬಿಚ್ಚಿ, ಕೋಲಿನ ಆಧಾರದಲ್ಲಿ ನಿಂತು ಒಂದೊಂದೇ ಕಾಲನ್ನು ಸೊಂಟದಿಂದ ಮುಂದೆ ಹಿಂದೆ ಜೋರಾಗಿ ಬೀಸಿ, ಇಪ್ಪತ್ತು ಮೂವತ್ತು ಸಲ, ಬೀಸುವ ಹೊಡೆತಕ್ಕೆ ರಕ್ತ ತುದಿಯವರೆಗೆ ಹೋಗ್ತದೆ. ಹಿಮದ ಮೇಲೆ ಬರೀ ಬೂಟಲ್ಲಿ ನಿಲ್ಲುವುದಕ್ಕಿಂತ ಸ್ಕೀ ಮೇಲೆ ನಿಂತಿರುವುದು ಒಳ್ಳೇದು.

ಬಿಸಿ ಪ್ಯಾಕೆಟ್ ಬಗ್ಗೆ ತುಂಬಾ ಜನ ಕೇಳ್ತಾರೆ. ಅದ್ರೊಳಗೆ ಕಬ್ಬಿಣದ ಪುಡಿ ಇರ್ತದೆ, ಗಾಳಿಯ ಆಮ್ಲಜನಕ ತಾಗಿ ತುಕ್ಕು ಹಿಡಿಯುವಾಗ ಬಿಸಿ ಬರ್ತದೆ. ಸ್ಕೀ ಬೂಟಿನೊಳಗೆ ಗಾಳಿಯೇ ಕಮ್ಮಿ, ಹಾಗಾಗಿ ಕೈಗೆ ಅಂತ ಮಾಡಿದ್ದನ್ನು ಅಲ್ಲಿ ಇಟ್ರೆ ಅಷ್ಟು ಕೆಲಸ ಮಾಡುವುದಿಲ್ಲ, ಬೆರಳಿಗೆ ಅಂತಲೇ ಮಾಡಿದ ತೆಳ್ಳಗಿನದ್ದು ತಗೊಳ್ಳಿ, ಸಾಕ್ಸಿನ ಮೇಲೆ ಅಂಟಿಸಿ, ಚರ್ಮದ ಮೇಲೆ ಬೇಡ, ಸುಡ್ತದೆ. ಬೂಟು ಆಗ್ಲೇ ಬಿಗಿ ಇದ್ರೆ ಅದನ್ನು ಬಿಟ್ಟೇ ಬಿಡಿ. ಬ್ಯಾಟರಿಯ ಹೀಟೆಡ್ ಸಾಕ್ಸ್ ನಿಜವಾಗಿ ಒಳ್ಳೇದು, ಆದ್ರೆ ದುಬಾರಿ, ವರ್ಷಾ ವರ್ಷಾ ಹೋಗುವವರಿಗೆ ಮಾತ್ರ ಅಂತ ನನ್ನ ಅಭಿಪ್ರಾಯ. ಅದ್ರ ಲಿಥಿಯಂ ಬ್ಯಾಟರಿ ಬಿಚ್ಚಿ ವಿಮಾನದಲ್ಲಿ ಕೈ ಬ್ಯಾಗಲ್ಲಿ ತಗೊಂಡು ಹೋಗ್ಬೇಕು, ಚೆಕ್ ಇನ್ ಲಗೇಜಲ್ಲಿ ಬಿಡುವುದಿಲ್ಲ.

ಸಂಜೆ ಎಷ್ಟೇ ಸುಸ್ತಾಗಿದ್ರೂ ಬೂಟಿನಿಂದ ಲೈನರ್ ಹೊರಗೆ ಎಳೀರಿ, ಒಳಗಿನ ಇನ್‌ಸೋಲ್ ಕೂಡ. ಹೊರಗಿನ ಪ್ಲಾಸ್ಟಿಕ್ ಒಳಗೆ ನೀರಿದ್ರೆ ಟವೆಲಲ್ಲಿ ಒರಸಿ. ಲೈನರನ್ನು ಬೆಚ್ಚಗಿನ ರೂಮಲ್ಲಿ ಬಾಯಿ ತೆರೆದು ಇಡಿ, ಒಳಗೆ ಪೇಪರ್ ತುರುಕಿ ಒಂದೆರಡು ಗಂಟೆಗೆ ಬದಲಿಸಿದ್ರೆ ಬೇಗ ಒಣಗ್ತದೆ. ಬುಖಾರಿಗೆ, ಅಂದ್ರೆ ರೂಮು ಬಿಸಿ ಮಾಡುವ ಅಲ್ಲಿನ ಒಲೆಗೆ, ಅಥವಾ ಹೀಟರಿಗೆ ತಾಗಿಸಿ ಇಡ್ಬಾರ್ದು, ಫೋಮ್ ಆಕಾರ ಕೆಡ್ತದೆ, ಬಾಡಿಗೆ ಬೂಟಾದ್ರೆ ದಂಡವೂ ಕಟ್ಬೇಕಾದೀತು.

ಇನ್ನು ಗಂಭೀರ ವಿಷಯ. ನೋವು, ಜುಮ್ಮು ಇದ್ದದ್ದು ಒಮ್ಮೆಲೇ ನಿಂತು ಬೆರಳು ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಆದ್ರೆ ಅದು ಗುಣ ಆದದ್ದಲ್ಲ, ತಕ್ಷಣ ಒಳಗೆ ಹೋಗಿ ಬೂಟು ತೆಗೆದು ನೋಡಿ. ಚರ್ಮ ಬೆಳ್ಳಗೆ ಅಥವಾ ಹಳದಿ ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದ್ರೆ ಗಟ್ಟಿ ಅನ್ನಿಸಿದ್ರೆ ಫ್ರಾಸ್ಟ್‌ಬೈಟ್, ಅಂದ್ರೆ ಚಳಿಗೆ ಚರ್ಮ ಮಾಂಸ ಹೆಪ್ಪುಗಟ್ಟುವುದು, ಇರಬಹುದು. ತಿಕ್ಕಬಾರದು, ಹಿಮ ಅಂತೂ ಹಚ್ಚಲೇಬಾರದು, ಕಾಂಗ್ಡಿ (ಕಾಶ್ಮೀರದ ಕೆಂಡದ ಮಡಕೆ) ಅಥವಾ ಬೆಂಕಿಗೆ ಹಿಡಿಯಬಾರದು, ಸ್ಪರ್ಶ ಇಲ್ಲದ ಕಾಲು ಸುಟ್ಟದ್ದು ಗೊತ್ತೇ ಆಗುವುದಿಲ್ಲ. 37ರಿಂದ 39 ಡಿಗ್ರಿ ನೀರಲ್ಲಿ ಸುಮಾರು ಅರ್ಧ ಗಂಟೆ ಇಡಬೇಕು, ಬೇರೆಯವರು ಮೊಣಕೈ ಹಾಕಿ ನೋಡಿದ್ರೆ ಉಗುರು ಬೆಚ್ಚಗೆ ಇರುವಷ್ಟು, ಮತ್ತೆ ಡಾಕ್ಟ್ರ ಹತ್ತಿರ ಹೋಗ್ಲೇಬೇಕು. ದಾರಿಯಲ್ಲಿ ಪುನಃ ಹೆಪ್ಪುಗಟ್ಟುವ ಸಾಧ್ಯತೆ ಇದ್ರೆ ಕರಗಿಸ್ಲಿಕ್ಕೆ ಹೋಗ್ಬೇಡಿ, ಕರಗಿ ಮತ್ತೆ ಹೆಪ್ಪಾದ್ರೆ ಹಾನಿ ದೊಡ್ಡದು.

ನಮ್ಮ ಗುಂಪುಗಳಲ್ಲಿ ಶುಗರ್ ಇರುವವರು ತುಂಬಾ ಜನ, ಅವರಿಗೆ ಇದನ್ನು ಬೇರೆಯಾಗಿಯೇ ಹೇಳ್ತೇನೆ. ವರ್ಷಗಟ್ಟಲೆ ಶುಗರ್ ಇದ್ದವರ ಕಾಲಲ್ಲಿ ನರಗಳ ಸ್ಪರ್ಶ ಕಮ್ಮಿ ಆಗಿರಬಹುದು, ಚಳಿ ತಾಗಿದ್ದೂ ಗೊತ್ತಾಗುವುದಿಲ್ಲ, ಬಕಲ್ ಒತ್ತಿ ಗಾಯ ಆದದ್ದೂ ಗೊತ್ತಾಗುವುದಿಲ್ಲ. ಟಿಕೆಟ್ ಮಾಡುವ ಮೊದ್ಲೇ ಡಾಕ್ಟ್ರ ಹತ್ತಿರ ಕಾಲು ತೋರಿಸಿ ಕೇಳಿ. ಹೋಗುವುದಾದ್ರೆ ಬಿಸಿ ಪ್ಯಾಕೆಟ್, ಹೀಟೆಡ್ ಸಾಕ್ಸ್ ಎರಡೂ ಬೇಡ, ಗಂಟೆಗೊಮ್ಮೆ ಒಳಗೆ ಬಂದು ಬೂಟು ಸಾಕ್ಸ್ ತೆಗೆದು ಕಣ್ಣಾರೆ ನೋಡಿ, ಬೆರಳಿನ ಸಂದು, ಅಂಗಾಲು, ಹಿಮ್ಮಡಿ ಎಲ್ಲ, ಬಗ್ಗಿ ನೋಡ್ಲಿಕ್ಕೆ ಆಗದಿದ್ರೆ ಮೊಬೈಲಲ್ಲಿ ಫೋಟೋ ತೆಗೆದು ನೋಡಿ, ಅಥವಾ ಜೊತೆಯಲ್ಲಿರುವವರ ಹತ್ತಿರ ನೋಡ್ಲಿಕ್ಕೆ ಹೇಳಿ.